ಯಾರೂ ತುಳಿಯದ ಜಾಗ

ಚಾಮರಾಜಪೇಟೆಯ ಆ ಅಡ್ಡರಸ್ತೆಯಲ್ಲಿ ಬೆಳಿಗ್ಗೆ ಎದ್ದು ಮುಂಗುಸಿ ಕಂಡರೆ ಆ ದಿನ ಗೆದ್ದ ಹಾಗೆ ಅಂತ ಜಾನಕಮ್ಮನವರ ನಂಬಿಕೆ. ಮೊಮ್ಮಗಳು ಕೆಮಿಸ್ಟ್ರಿಯಲ್ಲಿ ಪಾಸಾಗಿದ್ದು, ಹಬ್ಬದ ಹಿಂದಿನ ದಿನ ಗ್ಯಾಸ್ ಸಿಲಿಂಡರ್ ಬಂದಿದ್ದು, ಎಲ್ಲ ಅದರ ದಯೆ. ಈ ಸಲವಂತೂ ಅದು ಎರಡು ಮರಿಗಳನ್ನೂ ಹಿಂದೆ ಕಟ್ಟಿಕೊಂಡು ಓಡಾಡುತ್ತಿತ್ತು. ಹಾಗಿರುವಾಗ, ಲ್ಯಾಪ್‌ಟಾಪ್ ಬಿಚ್ಚಿಕೊಂಡು ಜಗಲಿ ಮೇಲೆ ಕೂತ ವಿಶಾಖಾ, "ಇವನ್ನ ಹಿಡ್ದು ಬೇರೆ ಕಡೆ ಬಿಡ್ಬೇಕಾಗುತ್ತೇನೋ ಅಜ್ಜಿ" ಅಂದದ್ದೇ ತಡ, ಜಾನಕಮ್ಮ ಚಾಚಿದ್ದ ಕಾಫಿ ಲೋಟವನ್ನು ಹಾಗೇ ಹಿಂದಕ್ಕೆ ಎಳೆದುಕೊಂಡರು.

"ಹಂಗಾದ್ರೆ ಕಾಫಿ ಇಲ್ಲ."

ವಿಶಾಖಾ ಪ್ರಾಣಿಗಳ ಓಡಾಟ ಅಧ್ಯಯನ ಮಾಡುವ ಹುಡುಗಿ. ರಸ್ತೆಯ ಕೊನೆಯಲ್ಲಿ ಎಂದೋ ಬೀಗ ಬಿದ್ದ ಬ್ಯಾಟರಿ ಶೆಡ್ಡಿನ ಮಣ್ಣಿನಲ್ಲಿ ಸೀಸದ ವಿಷ ಸೇರಿದೆ ಅಂತ ಗೊತ್ತಾದ ಮೇಲೆ ಈ ಬೀದಿಗೆ ಬಂದ ಹೊರಗಿನವಳು.

"ವಿಷ ಎಲ್ಲಿದೆ ಅನ್ನೋದಷ್ಟೇ ಸಾಲ್ದು ಅಜ್ಜಿ. ಮುಂಗುಸಿ ಅಲ್ಲಿ ಸುಮ್ನೆ ದಾಟಿ ಹೋಗುತ್ತೋ, ಕೂತು ಊಟ ಮಾಡುತ್ತೋ, ಅದು ನೋಡ್ಬೇಕು. ಊಟ ಮಾಡಿದ್ರೇನೇ ಕಷ್ಟ. ಇಲ್ನೋಡಿ."

ಬೀದಿಯುದ್ದಕ್ಕೂ ಕ್ಯಾಮೆರಾ ಕಟ್ಟಿ ಅವಳು ಮಾಡಿದ್ದ ನಕ್ಷೆ ಅದು. ಮುಂಗುಸಿ ಹೆಚ್ಚು ಹೊತ್ತು ಕಳೆದ ಕಡೆ ಬಣ್ಣ ಕೆಂಪಾಗುತ್ತದೆ. ಮಿಕ್ಕೆಲ್ಲ ಕಡೆ ಅರಿಸಿನದ ನೀರು ಚಿಮುಕಿಸಿದ ಹಾಗಿದ್ದರೆ, ಶೆಡ್ಡಿನ ಮೇಲೆ ಮಾತ್ರ ಕುಂಕುಮದ ಭರಣಿಯೇ ಮಗುಚಿಬಿದ್ದಿತ್ತು.

"ಅಯ್ಯೋ, ಆ ಹಾಳು ಜಾಗದಲ್ಲಿ ಅದಕ್ಕೇನೇ ಕೆಲ್ಸ?"

"ನಂಗೂ ಅರ್ಥ ಆಗ್ತಿರ್ಲಿಲ್ಲ. ಕೊನೆಗೆ ಕ್ಯಾಮೆರಾನ ಕಾಂಪೌಂಡ್ ಗೋಡೆ ಕಡೆ ತಿರುಗಿಸ್ದೆ."

ವಿಡಿಯೋದಲ್ಲಿ ಗೋಡೆಯ ಮೇಲೊಂದು ಬಳೆ ತೊಟ್ಟ ಕೈ ಎದ್ದಿತು. ಬಾಡಿದ ಹೂವು, ಬಾಳೆಹಣ್ಣು, ತೆಂಗಿನ ಚೂರು, ಉಸಲಿ ದಡದಡ ಒಳಗೆ ಬಿದ್ದವು. ಸ್ವಲ್ಪ ಹೊತ್ತಿಗೆ ಜಿರಲೆ, ಇಲಿ. ಅವುಗಳ ಹಿಂದೆ, ಎರಡನೇ ಪಂಕ್ತಿಗೆ ಕಾದಿದ್ದ ಬೀಗರ ಹಾಗೆ, ಮರಿಗಳ ಸಮೇತ ಮುಂಗುಸಿ.

"ಯಾರೇ ಇವ್ಳು, ಮೂರೂ ಬಿಟ್ಟೋಳು! ವಿಷದ ಮೇಲೆ ಎಲೆ ಹಾಕ್ತಾಳಲ್ಲ! ಮನೆ ತೋರ್ಸು, ನಾನು ಮಾತಾಡ್ತೀನಿ."

ಪೇಪರಿನ ಹಿಂದಿನಿಂದ ಗಂಡ ಬದರೀನಾರಾಯಣರು ಕತ್ತು ಚಾಚಿದರು. "ಮಾತಾಡು, ಮಾತಾಡು. ಆ ಕೈ ಮದುವೆಯಾದಾಗಿಂದ ನಂಗೆ ಕಾಫಿ ಕೊಡ್ತಿದೆ."

ಜಾನಕಮ್ಮ ತಮ್ಮ ಬಳೆ ನೋಡಿಕೊಂಡರು. ಪರದೆ ನೋಡಿದರು. ಲೋಟವನ್ನು ಮೆಲ್ಲಗೆ ವಿಶಾಖಾಳ ಮುಂದಿಟ್ಟರು.

"ನಿರ್ಮಾಲ್ಯ ಕಣೇ. ದೇವರ ಮೇಲಿಂದ ತೆಗ್ದಿದ್ದನ್ನ ಕಾಲಿಗೆ ಸಿಗೋ ಹಾಗೆ ಎಸೀತಾರಾ? ಯಾರೂ ತುಳೀದಿರೋ ಜಾಗಕ್ಕೆ ಹಾಕ್ಬೇಕು. ಈ ಪೇಟೇಲಿ ಬೀಗ ಬಿದ್ದ ಶೆಡ್ ಬಿಟ್ರೆ ಅಂಥ ಜಾಗ ಎಲ್ಲಿದೆ ಹೇಳು? ನಾನೇ ಎಲ್ರಿಗೂ ತೋರ್ಸಿಕೊಟ್ಟಿದ್ದು."

ವಿಶಾಖಾಗೆ ನಗು ತಡೆಯಲಿಲ್ಲ. "ಅಂದ್ರೆ ಮುಂಗುಸಿಗೆ ಆ ಜಾಗ ಇಷ್ಟ ಅಂತಲ್ಲ, ನಿಮ್ಮ ಊಟ ಇಷ್ಟ! ಹಿಡೀಬೇಕೋ ಬೇಡ್ವೋ ಅಂತ ವರದಿ ಕೊಡೋಕೆ ಇನ್ನೊಂದು ತಿಂಗಳಿದೆ ಅಜ್ಜಿ. ಎಲೆ ಬೇರೆ ಕಡೆ ಹಾಕಿದ್ರೆ?"

ಅವತ್ತು ಸಂಜೆಯೇ ಜಾನಕಮ್ಮ ಮನೆಮನೆ ಹತ್ತಿಳಿದರು. ಪಕ್ಕದ ಮನೆ ಅಲಮೇಲು ಒಪ್ಪಲಿಲ್ಲ. "ದೇವರ ಹೂವನ್ನ ಕಸದ ಗಾಡಿಗೆ ಹಾಕಕ್ಕಾಗುತ್ತಾ ಮಾಮಿ? ತುಳೀಬಾರ್ದು ಅಂದೋರು ನೀವೇ."

"ನಮ್ಮ ಹಿತ್ತಲಿಗೆ ತಂದು ಹಾಕು. ದಾಸವಾಳದ ಬುಡದಲ್ಲಿ ಗುಂಡಿ ತೋಡಿಸ್ತೀನಿ. ನಮ್ಮನೆಯವ್ರು ಗಿಡಕ್ಕೆ ನೀರು ಹಾಕ್ರಿ ಅಂದ್ರೂ ಆ ಕಡೆ ಇದುವರೆಗೂ ಕಾಲಿಟ್ಟಿಲ್ಲ. ಅದಕ್ಕಿಂತ ತುಳೀದಿರೋ ಜಾಗ ಬೇಕೇನೇ?"

ಮರುದಿನವೇ ಅಲಮೇಲು ಹೂವಿನ ಬುಟ್ಟಿ ಹಿಡಿದು ಹಿತ್ತಲಿಗೆ ಬಂದಳು. ಬೀದಿಯ ನಿರ್ಮಾಲ್ಯವೆಲ್ಲ ದಾಸವಾಳದ ಬುಡ ಸೇರಿತು. ಜಿರಲೆ, ಎರೆಹುಳ, ಇಲಿ, ಒಂದೊಂದಾಗಿ ನೆಂಟರು ಬಂದರು. ಮುಂಗುಸಿ ಮಾತ್ರ ಮೊದಮೊದಲು ಬರಲಿಲ್ಲ. ಜಾನಕಮ್ಮನಿಗೆ ಅನ್ನ ಸೇರಲಿಲ್ಲ. ಅಡುಗೆಮನೆ ಕಿಟಕಿಗೇ ಅಂಟಿಕೊಂಡು, ಹಾಲು ಉಕ್ಕಿಸಿದ್ದೇ ಉಕ್ಕಿಸಿದ್ದು.

ತಿಂಗಳು ತುಂಬುವ ಹೊತ್ತಿಗೆ ವಿಶಾಖಾ ಓಡೋಡಿ ಬಂದು ಹೊಸ ನಕ್ಷೆ ಬಿಚ್ಚಿದಳು. ಶೆಡ್ಡಿನ ಮೇಲೆ ಬಣ್ಣ ಸುಣ್ಣದ ಹಾಗೆ ಬಿಳಿಚಿತ್ತು. ಜಾನಕಮ್ಮನ ಹಿತ್ತಲು ಕೆಂಪೋ ಕೆಂಪು.

"ಹಿಡಿಯೋದು ಬೇಡ ಅಂತ ಬರೆದ್ಬಿಟ್ಟೆ ಅಜ್ಜಿ. ಶೆಡ್ಡಿನ ಮಣ್ಣು ತೆಗೆಸಿದ್ರೆ ಸಾಕು."

ಒಳಗಿನಿಂದ ಎರಡು ಲೋಟ ಕಾಫಿ ಬಂತು. ಜೊತೆಗೆ ಕೋಡುಬಳೆ. ಅಷ್ಟರಲ್ಲಿ ಹಿತ್ತಲ ಬಾಗಿಲು ಕಿರ್ ಎಂದಿತು. ಮರಿಗಳನ್ನು ನೋಡುವ ಆಸೆಗೆ ಬದರೀನಾರಾಯಣರು, ಪಂಚೆ ಎತ್ತಿಕಟ್ಟಿಕೊಂಡು, ದಾಸವಾಳದ ಕಡೆ ಹೊರಟಿದ್ದರು.

ಜಾನಕಮ್ಮ ಕಿಟಕಿಗೆ ಓಡಿದರು. "ರೀ! ಇಷ್ಟು ವರ್ಷ ಇಲ್ಲದ್ದು ಇವತ್ತೇ ಕಾಲಿಡ್ಬೇಕಾ? ಬನ್ನಿ ಹಿಂದಕ್ಕೆ! ಅದು ತುಳಿಯೋ ಜಾಗ ಅಲ್ಲ!"