ಶುಕ್ರ ಮೂಡುವ ಮೊದಲು

ಗೂಗಲ್ ಎಂಬ ಊರಿನ ಹೊಳೆಯಲ್ಲಿ ಮುಳುಗು ಹಾಕಿ ಎದ್ದ ಚನ್ನಮಲ್ಲಮ್ಮ ಕೊರಳಿಗೆ ಕೈಹಚ್ಚಿ ಹಾಗೇ ನಿಂತುಬಿಟ್ಟಳು. ಶಿವದಾರ ಕಡಿದಿತ್ತು. ಅದರ ಎಳೆಯೊಂದು ಕುಪ್ಪಸಕ್ಕೆ ಅಂಟಿಕೊಂಡಿತ್ತು. ಬೆಳ್ಳಿಯ ಕರಡಿಗೆಯೂ ಅದರೊಳಗಿನ ಇಷ್ಟಲಿಂಗವೂ ಇರಲಿಲ್ಲ.

"ಏನರೀ..." ಎಂದು ಗಂಡ ಸೂಗಯ್ಯನನ್ನು ಕೂಗಿದಳು. ಕಡಿದ ದಾರ ಎತ್ತಿ ತೋರಿಸಿದಳು.

ಸೂಗಯ್ಯ ಉಟ್ಟ ಧೋತರದಲ್ಲೇ ನೀರಿಗಿಳಿದ. ಮೀನು ಹಿಡಿಯುತ್ತಿದ್ದ ಗುಡುಸಾಬನೂ ಬಲೆ ಬಿಟ್ಟು ಬಂದು ಮುಳುಗಿ ಮುಳುಗಿ ಹುಡುಕಿದ. ಪ್ರತಿ ಸಲವೂ ಅವನ ಮುಷ್ಟಿಯಲ್ಲಿ ಬಂದದ್ದು ಉಸುಕು, ನುಣ್ಣನೆಯ ಕಲ್ಲು. "ಸೆಳವು ಭಾಳ ಅದರೀ ಅಯ್ಯನೋರೇ. ಹೊಳಿ ಎಲ್ಲಿಗೋ ಒಯ್ದುಬಿಟ್ಟದ" ಎಂದು ಕೊನೆಗೆ ಕೈಚೆಲ್ಲಿದ.

ದೇವದುರ್ಗದ ಮನೆಗೆ ಬಂದ ಮೇಲೆ ಚನ್ನಮಲ್ಲಮ್ಮ ಒಲೆ ಹಚ್ಚಿದಳು, ಗಂಡನಿಗೆ ಬಡಿಸಿದಳು, ತಾನು ಮಾತ್ರ ಉಣ್ಣಲಿಲ್ಲ. ಸಣ್ಣವಳಿದ್ದಾಗ ಲಿಂಗ ಕಟ್ಟಿಸಿಕೊಂಡಾಗಿನಿಂದ ಅದನ್ನು ಅಂಗೈಯಲ್ಲಿಟ್ಟು ಪೂಜಿಸದೆ ತುತ್ತು ಬಾಯಿಗಿಟ್ಟವಳಲ್ಲ. ಹೆತ್ತವ್ವ ತೀರಿಕೊಂಡ ದಿನವೂ ಅದು ತಪ್ಪಿರಲಿಲ್ಲ.

"ನೀವೇ ಒಂದು ಕಟ್ರಿ" ಎಂದಳು.

ಊರಿಗೆಲ್ಲ ಲಿಂಗ ಕಟ್ಟುವ ಅಯ್ಯ ಅವನು. ಪಂಚಾಂಗ ನೋಡಿ ದಿನ ಹೇಳುವವನೂ ಅವನೇ. ಮಾನ್ವಿಯಿಂದ, ರಾಯಚೂರಿನಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ರೂಢಿಯಂತೆ ಪಂಚಾಂಗ ತೆರೆದವನ ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು. ಶುಕ್ರಾಸ್ತ. ಶುಕ್ರ ಸೂರ್ಯನ ಬೆಳಕಿನಲ್ಲಿ ಮುಳುಗಿ ಕಾಣದಿರುವ ಈ ದಿನಗಳಲ್ಲಿ ದೀಕ್ಷೆಯಿಲ್ಲ, ಮದುವೆಯಿಲ್ಲ. ಅದೇ ವಾರ ಬೂದೆಪ್ಪನೆಂಬ ಒಕ್ಕಲಿಗನ ಮಗಳ ಮದುವೆಯನ್ನು ಹೀಗೆಂದೇ ಮುಂದಕ್ಕೆ ಹಾಕಿಸಿದ್ದ. ಹೆಂಡತಿಯ ಜಾತಕ ತೆಗೆದು ನೋಡಿದ. ಅಷ್ಟಮ ಶನಿ ನಡೆದಿತ್ತು. ಬೇರೆಯವರಿಗಾದರೆ ಎಳ್ಳೆಣ್ಣೆ ದೀಪ ಹಚ್ಚಲು ಹೇಳಿ ಧೈರ್ಯ ತುಂಬುತ್ತಿದ್ದ. ತನಗೇ ಹೇಳಿಕೊಳ್ಳಲು ಏನೂ ಹೊಳೆಯದೆ ಜಾತಕ ಮಡಚಿಟ್ಟ.

"ಶುಕ್ರ ಮೂಡಲಿ, ಕಟ್ಟತೀನಿ. ಅಲ್ಲೀತನಕ ಹಾಲರೆ ಕುಡಿ."

"ಲಿಂಗಕ್ಕ ತೋರಸದ ಹಾಲು ಹ್ಯಾಂಗ ಕುಡಿಲ್ರಿ?"

ಮರುದಿನವೂ ಅವಳು ಗುಟುಕು ನೀರು ಬಿಟ್ಟರೆ ಬೇರೇನೂ ಮುಟ್ಟಲಿಲ್ಲ. ಪಕ್ಕದ ಮನೆಯ ಹೀರಾಬಿ ಬಂದವಳು, ಗೋಡೆಗೊರಗಿ ಕೂತ ಗೆಳತಿಯ ಕೈ ಹಿಡಿದು ನೋಡಿ ಹೌಹಾರಿದಳು. "ನಮ್ಮಾಗೂ ಆರಾಮ ಇಲ್ಲದವರಿಗೆ ರೋಜಾ ಮಾಫ್ ಅದ ಅಕ್ಕಾ. ಮಾಲಿಕ್ ಸಿಟ್ಟಾಗಂಗಿಲ್ಲ, ಉಣ್ಣು."

"ಸಿಟ್ಟಿನ ಅಂಜಿಕಿ ಅಲ್ಲವ್ವಾ," ಚನ್ನಮಲ್ಲಮ್ಮ ನಕ್ಕಳು. "ಕೂಸು ಹಸದು ಕುಂತಾಗ ನಾ ಒಬ್ಬಾಕೀನ ಉಂಡಂಗ ಆಗತದ."

ಆ ಬಳಲಿದ ನಗೆ ನೋಡಿ ಸೂಗಯ್ಯ ಹೆದರಿದ. ಆಗಲೇ ಬಸ್ಸು ಹಿಡಿದು ರಾಯಚೂರಿಗೆ ಹೋಗಿ ಹೊಸ ಲಿಂಗ ತಂದ. ಬರುವಾಗ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಕಟ್ಟಿಕೊಂಡ. ಒಳ್ಳೆಯ ದಿನ ಹೇಳುವ ವಿಷಯದಲ್ಲಿ ಅವನು ಈವರೆಗೆ ಸುಳ್ಳಾಡಿದವನಲ್ಲ.

"ಲೆಕ್ಕ ಹಾಕೋದ್ರಾಗ ತಪ್ಪಿದ್ದೆ ನೋಡು. ಶುಕ್ರ ನಿನ್ನೇನ ಮೂಡ್ಯಾನ. ನಾಳಿ ಕಟ್ಟೂನು."

ಚನ್ನಮಲ್ಲಮ್ಮ ಗಂಡನ ಮುಖವನ್ನೇ ನೋಡಿದಳು. "ದಿನಾ ಸಂಜಿಮುಂದ ನಾ ಪಡುವಣ ನೋಡತೀನ್ರಿ. ಶುಕ್ರ ಇನ್ನಾ ಕಂಡಿಲ್ಲ." ಆಮೇಲೆ ದನಿ ತಗ್ಗಿಸಿ, "ಬೂದೆಪ್ಪನ ಮಗಳ ಮದುವಿ ತಡದ್ರಿ. ನನಗಂತ ಬ್ಯಾರೆ ಪಂಚಾಂಗ ಅದೇನ್ರಿ?" ಎಂದಳು.

ಸೂಗಯ್ಯ ಹೊಸ ಲಿಂಗವನ್ನು ತಿರುಗಿ ಅಂಗಿಯ ಕಿಸೆಗೆ ಹಾಕಿಕೊಂಡ.

ಬೆಳಗಿನ ಜಾವ ಎಚ್ಚರವಾದಾಗ ಅವಳು ಹಾಸಿಗೆಯಲ್ಲಿರಲಿಲ್ಲ. ಗಾಬರಿಯಿಂದ ಎದ್ದು ಬಂದ. ದೇವರಮನೆಯಲ್ಲಿ, ದೇವರನ್ನಿಟ್ಟ ಜಗಲಿಯ ಮುಂದೆ, ಮಿಂದು ವಿಭೂತಿ ಧರಿಸಿ ಕೂತಿದ್ದಳು. ಎಂದಿನಂತೆ ಎಡಗೈ ಎದೆಯ ಮಟ್ಟಕ್ಕಿತ್ತು. ಅಂಗೈಯಲ್ಲಿ ಏನೂ ಇರಲಿಲ್ಲ. ಆ ಬರಿಯ ಅಂಗೈಗೇ ಹನಿ ನೀರೆರೆದು ಒರೆಸಿದಳು, ವಿಭೂತಿ ಹಚ್ಚಿದಳು, ಒಂದು ಬಿಲ್ವದ ಪತ್ರಿ ಏರಿಸಿದಳು.

ಇವಳಿಗೆ ಬುದ್ಧಿಭ್ರಮೆಯಾಯಿತೇ ಎಂದುಕೊಂಡ ಸೂಗಯ್ಯ. ಕೂಗಬೇಕೆಂದವನು ತಡೆದು ನಿಂತ. ಮೊದಮೊದಲು ನಿತ್ರಾಣದಿಂದ ಅವಳ ಕೈ ನಡುಗುತ್ತಿತ್ತು, ಪತ್ರಿಯೂ ನಡುಗುತ್ತಿತ್ತು. ಬರಬರುತ್ತ ಕೈ ನಿಂತಿತು. ಅರೆದೆರೆದ ಕಣ್ಣು ಅಂಗೈ ಬಿಟ್ಟು ಕದಲಲಿಲ್ಲ. 'ನಿನ್ನೊಳಗ ಇರೋ ಶಿವನ್ನೇ ತಗದು ನಿನ್ನ ಕೈಗೆ ಕೊಟ್ಟೀನಿ' ಎಂಬುದು ದೀಕ್ಷೆ ಕೊಡುವಾಗಲೆಲ್ಲ ಸೂಗಯ್ಯ ಹೇಳುತ್ತಿದ್ದ, ಬಾಯಿಪಾಠವಾಗಿದ್ದ ಮಾತು. ಈಗ ತನ್ನದೇ ಮನೆಯಲ್ಲಿ, ಯಾರದೋ ಗುಡಿಯ ಹೊಸ್ತಿಲಲ್ಲಿ ನಿಂತವನಂತೆ, ಒಳಗೆ ಕಾಲಿಡಲೂ ಹಿಂಜರಿದು ನಿಂತಿದ್ದ.

ಬೆಳ್ಳಗೆ ಬೆಳಕಾದ ಮೇಲೆ ಅವಳು ಅಂಗೈಯನ್ನು ಎರಡೂ ಕಣ್ಣಿಗೊತ್ತಿಕೊಂಡಳು.

"ಏನರೀ, ಹಸಿವಾಗ್ಯಾದ. ರೊಟ್ಟಿ ಅದಾವೇನು?"

ಸೂಗಯ್ಯ ಹತ್ತಿರ ಬಂದು ಕೂತ. "ಏನು ಕಂಡ್ತು?"

"ಏನಿಲ್ಲರಿ." ಸ್ವಲ್ಪ ಯೋಚಿಸಿದಳು. "ದಿನಾ ಕಾಣೋದೇ ಕಂಡ್ತು."

ಅವನು ಅಂಗಿಯ ಕಿಸೆಯಿಂದ ಹೊಸ ಲಿಂಗ ತೆಗೆದು ಹಿಡಿದ.

"ಅಲ್ಲೇ ಜಗಲಿ ಮ್ಯಾಲ ಇಡ್ರಿ," ಎಂದಳು ಚನ್ನಮಲ್ಲಮ್ಮ. "ಶುಕ್ರ ಮೂಡಿದ ಮ್ಯಾಲ ಕಟ್ಟೀರಂತ. ಅವಸರೇನಿಲ್ಲ."

ಅವನೇ ಅಡುಗೆಮನೆಗೆ ಹೋಗಿ ಒಣಗಿದ ಕಟಕು ರೊಟ್ಟಿ, ಮೊಸರು, ಶೇಂಗಾ ಚಟ್ನಿಪುಡಿ ತಂದಿಟ್ಟ. ಅವಳು ತಾಟು ನಡುವೆ ಸರಿಸಿ, "ನೀವೂ ಬರ್ರಿ" ಎಂದಳು.

"ನಂದಿನ್ನಾ ಪೂಜಿ ಆಗಿಲ್ಲ. ನೀ ಉಣ್ಣು."

ಬಚ್ಚಲಿಗೆ ಹೋಗಿ ತಣ್ಣೀರು ಸುರುವಿಕೊಂಡು ಬಂದು ಸೂಗಯ್ಯ ಜಗಲಿಯ ಮುಂದೆ ಕೂತ. ಕೊರಳಿನ ಕರಡಿಗೆಯನ್ನು ಇನ್ನೂ ಬಿಚ್ಚಿರಲಿಲ್ಲ. ಎಡಗೈ ಚಾಚಿ, ಒದ್ದೆ ಅಂಗೈಯನ್ನೇ ನೋಡುತ್ತ ಕೂತ. ಬೆನ್ನ ಹಿಂದೆ ಅವಳು ಒಣರೊಟ್ಟಿ ಮುರಿಯುವ ಸದ್ದು ಕೇಳುತ್ತಿತ್ತು.