ಕಾರಣ: ನೆರಳು

೧
ಎಲ್ಲಿಂದ ಶುರು ಮಾಡಲಿ? ಮರ ಉರುಳಿದ ಸದ್ದಿನಿಂದಲೇ? ಬೇಡ. ಧಡಾರ್ ಎಂದು ಶುರುವಾಗುವ ಕತೆಗಳನ್ನು ಕಂಡರೆ ನನಗಾಗುವುದಿಲ್ಲ.

೧ (ಮತ್ತೆ)
ಅವಳು ಕಾಡಿನಲ್ಲಿ ಸಸಿ ಎಣಿಸುವವಳು. ಹನ್ನೊಂದು ವರ್ಷದಿಂದ ದಾರ ಕಟ್ಟಿದ ಅವೇ ಚೌಕಗಳು. ಪ್ರತಿ ಸಸಿಗೂ ತಗಡಿನ ನಂಬರು. ಆಗಾಗ ಹೋಗಿ ಎತ್ತರ ಅಳೆಯಬೇಕು, ಸತ್ತಿದ್ದರೆ ಕಾರಣ ಬರೆಯಬೇಕು. ಹೆಮ್ಮರಗಳಡಿ ಗೇಣುದ್ದದ ಸಸಿಗಳು ವರ್ಷಗಟ್ಟಲೆ ಬೆಳೆಯದೆ ಕಾಯುತ್ತವೆ. ಮೇಲೊಂದು ಮರ ಉರುಳಿ ಆಕಾಶ ಕಂಡಿತೋ, ಎದ್ದೇ ಬಿಡುತ್ತವೆ. (ಇಲ್ಲಿ ಅವಳ ಮೇಲಧಿಕಾರಿಯನ್ನು ಹೆಮ್ಮರ ಮಾಡಿ, ಅವಳನ್ನು ಸಸಿ ಮಾಡಿ ಎರಡು ಪುಟ ಗೀಚಿದ್ದೆ. ನಾಚಿಕೆಯಾಗಿ ಹರಿದು ಹಾಕಿದೆ.)

೩ (ಎರಡು ಎಲ್ಲಿ ಎಂದು ಕೇಳಬೇಡಿ, ಹರಿದದ್ದೇ ಅದು)
ಹೋದ ವರ್ಷ ಚೌಕಗಳ ಮೇಲಿದ್ದ ಹೆಮ್ಮರ ಬಿತ್ತು. ಈ ಸಲ ನೋಡಿದರೆ ಸಸಿಗಳು ಸೊಂಟದೆತ್ತರ! ಆದರೆ ಪ್ರತಿ ಚೌಕದಲ್ಲೂ ಒಂದೇ ಬದಿಗೆ ತಟ್ಟೆಯಗಲದ ಎರಡು ಬೋಳು ಜಾಗ. ಅಲ್ಲಿದ್ದ ಮೂವತ್ತೆರಡು ಸಸಿಗಳು ಎಂದೋ ಸತ್ತಿದ್ದವು. ಫಾರಂನ ಕಾರಣದ ಕಾಲಮ್ಮಿನಲ್ಲಿ ಅವಳೇ 'ನೆರಳು' ಎಂದು ಬರೆದಿದ್ದಳು.

"ತಪ್ಪು ತಿಳ್ಕೋಬೇಡಿ ಮೇಡಂ," ಎಂದ ಜೊತೆಗಿದ್ದ ಕಾವಲುಗಾರ. "ನೀವು ಬರೆಯೋಕೆ ಮಂಡಿಯೂರಿ ಕೂರೋ ಜಾಗ ಅಲ್ವಾ ಅದು?"

ಅವಳು ಬಗ್ಗಿ ಮುಟ್ಟಿ ನೋಡಿದಳು. ಮಣ್ಣು ಕಲ್ಲಾಗಿತ್ತು.

ಫಾರಂ ಇವತ್ತೇ ಕಳಿಸಬೇಕು. 'ನೆರಳು' ಎಂದೇ ಬಿಟ್ಟರೆ ಸುಳ್ಳು. 'ನಾನು' ಎಂದು ಬರೆದರೆ ಹನ್ನೊಂದು ವರ್ಷದ ಕೆಲಸ ಕಸದ ಬುಟ್ಟಿಗೆ.

ಅಂತ್ಯ ಅ
ಬಾಯಿ ಮುಚ್ಚಿಕೊಂಡು ಸಹಿ ಹಾಕಿದಳು. ಬಡ್ತಿ ಸಿಕ್ಕಿತು.

"ಥೂ! ನನ್ನನ್ನ ಏನಂದ್ಕೊಂಡಿದೀರಿ?" ಎಂದು ನನ್ನ ಮೇಲೆ ಹರಿಹಾಯ್ದಳು.

ಅಂತ್ಯ ಆ
ಎಲ್ಲ ಒಪ್ಪಿಕೊಂಡಳು. ಆಫೀಸೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

"ಚಪ್ಪಾಳೆಯಂತೆ! ನೀವು ಯಾವ ಆಫೀಸಲ್ಲಿ ಕೆಲಸ ಮಾಡಿದೀರಿ ಸ್ವಾಮಿ?"

"ಹಾಗಾದ್ರೆ ನೀನೇ ಹೇಳು ತಾಯಿ," ಎಂದೆ. ನನಗೂ ರೇಗಿತ್ತು. ಮೂರನೆಯ ಅಂತ್ಯ ಹೊಳೆಯುತ್ತಿಲ್ಲ ಎಂಬುದು ಬೇರೆ ಮಾತು.

"ಹತ್ತಿರದಿಂದ ನೋಡೋಣ ಅಂತಾನೇ ಕೂರ್ತಿದ್ದೆ ಕಣ್ರೀ. ಅಕ್ಕರೆಗೇ. ಒಂದು ಎಲೆ ಜಾಸ್ತಿ ಬಂದ್ರೂ ಮನೆಗೆ ಹೋಗಿ ಅಮ್ಮಂಗೆ ಹೇಳ್ತಿದ್ದೆ." ಕಣ್ಣೊರೆಸಿಕೊಂಡು ಫಾರಂ ತೆರೆದಳು. ಏನು ಬರೆಯುತ್ತಾಳೋ ನೋಡೋಣವೆಂದು ನಾನು ಅವಳ ಹೆಗಲ ಮೇಲೆ ಬಗ್ಗಿದೆ.

"ನೀವೂ ಅದನ್ನೇ ಮಾಡ್ತಿದೀರಿ," ಎಂದಳು. "ಸ್ವಲ್ಪ ಆಚೆ ಸರೀರಿ."

ಸರಿದೆ. ಇಲ್ಲಿಂದ ಕಾಲಮ್ಮು ಕಾಣಿಸುವುದಿಲ್ಲ. ಬರೆಯುತ್ತಿದ್ದಾಳೆ, ನನಗೆ ಗೊತ್ತಿರುವುದು ಅಷ್ಟೇ. ನಿಂತುಕೊಂಡೇ ಬರೆಯುತ್ತಿದ್ದಾಳೆ.