ಮೆಹಂದಿಗೆ ಕಡಿದ ಜರಿಗಿಡ

ತಂಗಿ ಯಶ್ಮಿತಾಳ ಮೆಹಂದಿಯ ಸಂಜೆ ಸ್ಟೇಜ್ ನೋಡಿ ನನಗೆ ಹೇಸಿಗೆಯಾಯಿತು.

ಮರ್ಕಂಜದ ನಮ್ಮ ಅಂಗಳದಲ್ಲಿ ‘ಜಂಗಲ್ ಥೀಮ್’ ಅಂತೆ. ಪ್ಲಾಸ್ಟಿಕ್ ಜಿಂಕೆ, ಥರ್ಮಾಕೋಲಿನ ಬಂಡೆ, ಸೋಫಾದ ಎಡಕ್ಕೆ ಎರಡು, ಬಲಕ್ಕೆ ಒಂದು ಆಳೆತ್ತರದ ಜರಿಗಿಡ. ದುಗ್ಗಪ್ಪ ಮಾವನ ಜಾಗದಲ್ಲಿ ಹರಿಯುವ ಸಣ್ಣ ಹಳ್ಳ, ಆ ತೋಡಿನ ಬದಿಯಲ್ಲಿದ್ದವು ಅವು. ನಾನು ಪುತ್ತೂರಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಪಾಠ ಮಾಡುವವಳು. ಆಲೆಟ್ಟಿಯಿಂದ ಆಲಂಕಾರಿನವರೆಗೆ ತೋಡು ತೋಡು ಸುತ್ತಿದ್ದೇನೆ. ಮರದಂತೆ ಕಾಂಡ ಎತ್ತಿ ನಿಲ್ಲುವ ಈ ಜರಿ ನನಗೆ ಕಂಡದ್ದು ಮಾವನ ತೋಡಿನಲ್ಲಿ ಮಾತ್ರ.

ಈಗ ಅದರ ಸುರುಳಿ ಬಿಚ್ಚದ ಎಳೆ ಚಿಗುರಿಗೆ ಚಿನ್ನದ ಬಣ್ಣ ಹೊಡೆದಿದ್ದರು. ಮಾವನ ಹೆಂಡತಿ ಕಮಲಾವತಿ ಅತ್ತೆ ಫಿನಾಯಿಲ್ ನೀರಲ್ಲಿ ಬಟ್ಟೆ ಅದ್ದಿ ಎಲೆಗಳ ಹಿಂಬದಿ ಉಜ್ಜುತ್ತಿದ್ದರು.

“ಎಂತ ಅತ್ತೆ ಅದು?”

“ಹುಳದ ಮೊಟ್ಟೆ ಮಾರಾಯ್ತಿ, ಸಾಲು ಸಾಲು! ಮದುಮಗಳ ಮೈಮೇಲೆ ಬಿದ್ರೆ? ಮೂರೂ ಗಿಡದ್ದು ಉಜ್ಜಿ ಆಯ್ತು, ಇದೊಂದು ಎಲೆ ಬಾಕಿ.”

ಮೊಟ್ಟೆಯಲ್ಲ, ಬೀಜಕಗಳ ಗೂಡು. ಹೂವಿಲ್ಲದ, ಬೀಜವಿಲ್ಲದ ಈ ಗಿಡದ ಸಂತಾನವೆಲ್ಲ ಆ ಕಂದು ಚುಕ್ಕೆಗಳಲ್ಲೇ ಇರುವುದು. ಭೂಮಿಯ ಮೇಲೆ ಮೊದಲ ಹೂವು ಅರಳುವುದಕ್ಕೂ ಹಿಂದಿನ ವಂಶ ಇದು. ಡೈನೋಸಾರ್‌ಗಳ ಕಾಲಡಿ ಬೆಳೆದದ್ದು. ಅವು ಅಳಿದು ನೆಲವೆಲ್ಲ ಬೋಳಾದಾಗ ಮೊದಲು ಹಸಿರು ಹಬ್ಬಿಸಿದ್ದೂ ಜರಿಗಿಡಗಳೇ. ಖಂಡಗಳು ಒಡೆದು ದೂರವಾದಾಗ ನೆಲದ ಜೊತೆಗೇ ಸಾಗಿದವು. ಮತ್ತೆ ಧೂಳಿನಂಥ ಬೀಜಕಗಳು ಗಾಳಿಯಲ್ಲಿ ಸಮುದ್ರ ದಾಟಿದವು. ಅಷ್ಟನ್ನೆಲ್ಲ ದಾಟಿ ಬಂದದ್ದು ಅತ್ತೆಯ ಬಕೆಟ್ಟಿನಲ್ಲಿ ಕೊಳೆಯಾಗಿ ಕೂತಿತ್ತು. ಥೂ!

ಸ್ಟೇಜ್ ಅಲಂಕಾರ ಅತ್ತೆಯ ಮಗ ಸೂರಜನದ್ದು. ಯಾರನ್ನು ಕೇಳಿ ಕಡಿದೆ ಎಂದೆ.

“ಅಪ್ಪನ ಜಾಗ ಅಲ್ವಾ ಅಕ್ಕ? ಬುಡ ಬಿಟ್ಟಿದ್ದೇನೆ, ಒಂದು ಮಳೆ ಬಂದ್ರೆ ಚಿಗುರ್ತದೆ. ಬಲಬದಿ ಖಾಲಿ ಕಾಣ್ತದೆ. ಅಲ್ಲಿ ಸಣ್ಣದೊಂದು ಉಂಟು, ಅದನ್ನೂ ತರ್ತೇನೆ.”

ಉಳಿದದ್ದು ಆ ಸಣ್ಣದೊಂದೇ. ಅದಿನ್ನೂ ಬೀಜಕ ಬಿಟ್ಟಿರಲಿಲ್ಲ. ಅದೂ ಹೋದರೆ ಆ ತೋಡಿನಲ್ಲಿ ವಂಶವೇ ಮುಗಿಯಿತು.

ಶಾಮಿಯಾನದಡಿ ಎಲೆಅಡಿಕೆ ಅಗಿಯುತ್ತಿದ್ದ ಮಾವನ ಬಳಿ ಓಡಿದೆ. “ಮಾವ, ಅಡಿಕೆ ಮರ ಕಡಿದು ಬುಡ ಬಿಟ್ರೆ ಚಿಗುರ್ತದಾ?”

“ಹುಚ್ಚಾ ನಿನಗೆ? ಅದಕ್ಕಿರುದು ಒಂದೇ ತಲೆ. ಅದು ಹೋದ್ರೆ ಮರವೇ ಹೋಯ್ತು.”

“ತೋಡಿನ ಗಿಡವೂ ಹಾಗೇ. ಮೂರೂ ಸತ್ತವು. ಉಳಿದದ್ದನ್ನು ಮುಟ್ಟಬೇಡ ಅಂತ ಸೂರಜನಿಗೆ ಹೇಳಿ.”

ಮಾವ ಅಗಿಯುವುದು ನಿಲ್ಲಿಸಿದರು. ಅರ್ಥವಾಯಿತೆಂದು ನನಗೆ ಜೀವ ಬಂತು. ಅವರು ಎದ್ದು ಅಂಗಳದಾಚೆ ಪಿಚಕ್ಕನೆ ಉಗಿದು ಬಂದರು.

“ಮೂರು ಸತ್ತ ಮೇಲೆ ಒಂದನ್ನು ಇಟ್ಟು ಎಂತ ಮಾಡುದು? ಅಡಿಕೆ ಆದ್ರೆ ಬೇರೆ. ತರ್ಲಿ ಬಿಡು, ಚಂದ ಕಾಣ್ತದೆ.”

ತೋಟದಲ್ಲಿ ಅಡಿಕೆ ಮರದ ಒಂದು ಹಿಂಗಾರ ಒಣಗಿದರೆ ಊಟ ಸೇರದ ಮನುಷ್ಯ! ಅಸಹ್ಯವಾಯಿತು. ಚಪ್ಪಲಿಯನ್ನೂ ಹಾಕದೆ ತೋಡಿಗೆ ನಡೆದೆ. ಕಡಿದ ಮೂರು ಬುಡಗಳು ಲೋಳೆ ಸುರಿಸುತ್ತಿದ್ದವು, ಇರುವೆ ಮುತ್ತಿತ್ತು. ರೇಷ್ಮೆ ಸೀರೆಯಲ್ಲೇ ಕೆಸರಿಗೆ ಕೂತು ಸಣ್ಣ ಗಿಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಸೂರಜ್ ಕತ್ತಿ ಹಿಡಿದು ಬಂದ. “ಏಳಿ ಅಕ್ಕ, ಫೋಟೋದವರು ಕಾಯ್ತಿದ್ದಾರೆ.”

“ಏಳುದಿಲ್ಲ. ಕಡಿಯುದಾದ್ರೆ ನನ್ನ ಕೈ ಸೇರಿಸಿ ಕಡಿ.”

ಯಶ್ಮಿತಾ ಫೋನ್ ಮಾಡಿ ಅತ್ತಳು. “ನನ್ನ ಮೆಹಂದಿಗಿಂತ ಒಂದು ಕಾಡುಗಿಡ ದೊಡ್ಡದಾ ನಿನಗೆ?” ಆ ಹೊತ್ತಿಗೆ ದೊಡ್ಡದೇ ಆಗಿತ್ತು, ಹೌದು ಎಂದುಬಿಟ್ಟೆ. ಅವಳು ಫೋನ್ ಇಟ್ಟಳು.

ಸೂರಜ್ ಗೊಣಗುತ್ತ ಹಿಂದೆ ಹೋದ. ದಾರಿಯಲ್ಲಿ ತೋಟದ ಒಂದು ಬಾಳೆಗಿಡ ಕಡಿದೊಯ್ದು ಬಲಬದಿಗೆ ನಿಲ್ಲಿಸಿದನಂತೆ.

ಮೊನ್ನೆ ಆಲ್ಬಮ್ ಬಂತು. ತಂಗಿ ನನ್ನೊಡನೆ ಇನ್ನೂ ಮಾತಾಡುವುದಿಲ್ಲ. ಅತ್ತೆಯೇ ಪುಟ ತಿರುಗಿಸಿ ಸ್ಟೇಜಿನ ಫೋಟೋದ ಮೇಲೆ ಬೆರಳಿಟ್ಟರು.

“ನೋಡು, ಬಾಳೆಗಿಡವೇ ಚಂದ ಕಾಣುದು. ನಾಲ್ಕೂ ಅದನ್ನೇ ಇಡಬಹುದಿತ್ತು.”